ಹಳೆಯ ಕಾರ್ಖಾನೆಗಳೂ ಹೊಸ ಕಟ್ಟಡಗಳೂ

ನಾನು ವಾಸವಾಗಿರುವ ಬಡಾವಣೆಯ ಹೆಸರು ಶ್ರೀಗಂಧದ ಕಾವಲ್. ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ ಸುಂಕದಕಟ್ಟೆಯ ಆಸುಪಾಸಿನಲ್ಲಿದೆ. ಹೆಸರನ್ನು ಕೇಳಿದವರು ಮೂಗನ್ನು ಅರಳಿಸುತ್ತಾರೆ. ಊರನ್ನು ನೋಡಲು ಬಂದವರು ಮೂಗನ್ನು ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಗಂಧದ ಮರಗಳನ್ನು ಹುಡುಕಬೇಕು. ಹುಡುಕದೆ ಸಿಕ್ಕುವುವು ಸಣ್ಣಪುಟ್ಟ ಕಾರ್ಖಾನೆಗಳು, ಲೇತ್ ಯಂತ್ರಗಳ ಸದ್ದು, ಬೆಳಗಿನ ಹೊತ್ತು ಬುತ್ತಿ ಹಿಡಿದು ಬಟ್ಟೆ ಕಾರ್ಖಾನೆಗೆ ಓಡುವ ಹೆಂಗಸರ ಸಾಲು, ಮತ್ತು ಇವುಗಳ ನಡುವೆ ವರ್ಷ ವರ್ಷವೂ ಒಂದೊಂದಾಗಿ ತಲೆಯೆತ್ತುತ್ತಿರುವ ವಸತಿ ಸಮುಚ್ಚಯಗಳು.

ಆದರೂ ಹೆಸರು ಸುಮ್ಮನೆ ಬಂದುದಲ್ಲ. ಕಾವಲ್ ಎಂದರೆ ಕಾಯ್ದಿಟ್ಟ ನೆಲ. ಮೈಸೂರು ಸೀಮೆಯಲ್ಲಿ ಹುಲ್ಲಿಗೆ ಕಾವಲುಗಳಿದ್ದುವು, ಮರಗಳಿಗೆ ಕಾವಲುಗಳಿದ್ದುವು. ಶ್ರೀಗಂಧಕ್ಕಂತೂ ಕಾವಲು ಬೇಕೇ ಬೇಕು. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಅಂದಿನಿಂದ ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ದೊರೆಯ ಸ್ವತ್ತು. ದೊರೆ ಹೋದ ಮೇಲೆ ಸರ್ಕಾರದ ಸ್ವತ್ತು. ತನ್ನ ಬದುವಿನ ಮೇಲೆ ಬೆಳೆದ ಮರವನ್ನು ತನ್ನದೆನ್ನುವ ಹಕ್ಕು ನಮ್ಮ ರೈತನಿಗೆ ಬಂದುದು 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ. ಎರಡು ನೂರು ವರ್ಷಗಳ ಕಾಲ ನೆಲ ಒಬ್ಬನದು, ನೆಲದ ಮೇಲಿನ ಮರ ಇನ್ನೊಬ್ಬನದು ಎಂಬ ವ್ಯವಸ್ಥೆಯನ್ನು ನಮ್ಮ ಜನ ಒಪ್ಪಿಕೊಂಡು ಬಾಳಿದರು.

ಇದನ್ನು ಮೊದಲು ಹೇಳುವುದಕ್ಕೆ ಕಾರಣವುಂಟು. ಒಂದು ಜಾಗದಲ್ಲಿ ಇರುವುದೆಲ್ಲವೂ ಆ ಜಾಗದ ಒಡೆಯನದೇ ಏನು? ಈ ಪ್ರಶ್ನೆ ನನಗೆ ರಾಜ್ಯಶಾಸ್ತ್ರದ ತರಗತಿಯಲ್ಲಿ ಹುಟ್ಟಲಿಲ್ಲ. ಒಂದು ಹಳೆಯ ತಂಪು ಪಾನೀಯದ ಕಾರ್ಖಾನೆಯ ಗೇಟಿನ ಮುಂದೆ ಹುಟ್ಟಿತು.

ನಮ್ಮ ತಂದೆಯವರು 1988ರಿಂದ 2000ದವರೆಗೆ, ಹನ್ನೆರಡು ವರ್ಷಗಳ ಕಾಲ, ಮಾಗಡಿ ರಸ್ತೆಯ ಕಡೆಯಿದ್ದ ಒಂದು ಪಾನೀಯದ ಕಾರ್ಖಾನೆಯಲ್ಲಿ ದುಡಿದರು. ಅದರ ಹೆಸರು ಇಲ್ಲಿ ಬೇಡ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು ಈ ಲೇಖನದ ಉದ್ದೇಶವಲ್ಲ. ಆಗ ಪಾನೀಯಗಳು ಗಾಜಿನ ಸೀಸೆಗಳಲ್ಲಿ ಬರುತ್ತಿದ್ದುವು. ಕುಡಿದಾದ ಮೇಲೆ ಸೀಸೆಗಳು ಅಂಗಡಿಯಿಂದ ಕಾರ್ಖಾನೆಗೇ ಹಿಂದಿರುಗುತ್ತಿದ್ದುವು. ಆದುದರಿಂದ ಅಂಥ ಕಾರ್ಖಾನೆಯಲ್ಲಿ ಪಾನೀಯ ಮಾಡುವ ಕೆಲಸಕ್ಕಿಂತ ಸೀಸೆ ತೊಳೆಯುವ ಕೆಲಸವೇ ಹೆಚ್ಚು. ಇಪ್ಪತ್ತನಾಲ್ಕು ಸೀಸೆಗಳ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸಬೇಕು. ಸೀಸೆಗಳನ್ನು ಬಿಸಿಯಾದ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನಸಬೇಕು, ಕುಂಚದಿಂದ ಉಜ್ಜಬೇಕು, ಒಳ್ಳೆಯ ನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು. ಇನ್ನೊಂದು ಕಡೆ ನೀರನ್ನು ಮರಳಿನಲ್ಲಿಯೂ ಇದ್ದಲಿನಲ್ಲಿಯೂ ಸೋಸಿ, ಸಕ್ಕರೆಯ ಪಾಕಕ್ಕೆ ಸಾರವನ್ನು ಕೂಡಿಸಿ, ಚೆನ್ನಾಗಿ ತಣಿಸಿ, ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡನ್ನು ಅದರೊಳಕ್ಕೆ ಹೊಗಿಸಬೇಕು. ಯಂತ್ರ ತಿರುಗುತ್ತ ತಿರುಗುತ್ತ ಸೀಸೆಗಳನ್ನು ತುಂಬಿ ಮೇಲೆ ತಗಡಿನ ಬಿರಡೆಯನ್ನು ಒತ್ತುತ್ತದೆ.

ತಂದೆಯವರ ಕೆಲಸ ತುಂಬುವುದಕ್ಕೆ ಮುಂಚಿನದು. ತೊಳೆದ ಸೀಸೆಗಳು ಒಂದರ ಹಿಂದೆ ಒಂದು ಬೆಳಕಿನ ಫಲಕದ ಮುಂದೆ ಹಾದು ಹೋಗುತ್ತಿದ್ದುವು. ಫಲಕದ ಎದುರು ಕುಳಿತವನು ರೆಪ್ಪೆ ಬಡಿಯದೆ ನೋಡುತ್ತಿರಬೇಕು. ಒಳಗೆ ಸ್ಟ್ರಾ ಚೂರು ಉಳಿದಿದೆಯೆ, ಜಿರಳೆ ಸತ್ತಿದೆಯೆ, ಬಾಯಿ ಬಿರುಕು ಬಿಟ್ಟಿದೆಯೆ ಎಂಬುದನ್ನು ಕಣ್ಣು ಹೇಳಬೇಕು, ಅದೇ ಗಳಿಗೆಯಲ್ಲಿ ಕೈ ಅದನ್ನು ಸಾಲಿನಿಂದ ತೆಗೆಯಬೇಕು. ಈಗಲೂ ನಮ್ಮ ಮನೆಯಲ್ಲಿ ಯಾರಾದರೂ ನೀರಿನ ಲೋಟ ಕೊಟ್ಟರೆ ತಂದೆಯವರು ಒಂದು ಸಲ ಅದನ್ನು ದೀಪಕ್ಕೆ ಹಿಡಿದು ನೋಡಿ ಆಮೇಲೆ ಕುಡಿಯುತ್ತಾರೆ. ಬಂದ ನಂಟರು ಇದನ್ನು ಕಂಡು ಮುನಿಸಿಕೊಂಡುದೂ ಉಂಟು.

ಇನ್ನು ಈ ಕೈಗಾರಿಕೆಯ ಕಥೆಯನ್ನು ಸ್ವಲ್ಪ ನೋಡೋಣ. ಅದರಲ್ಲಿ ಕನ್ನಡಿಗರ ಪಾಲೂ ಸಾಕಷ್ಟಿದೆ. ಗೋಲಿ ಸೋಡಾದ ಸೀಸೆಯನ್ನು ಕಂಡುಹಿಡಿದವನು ಹೈರಂ ಕಾಡ್ ಎಂಬ ಆಂಗ್ಲ. ಅದು 1870ರ ದಶಕದ ಮಾತು. ಅವನ ದೇಶದವರು ಅದನ್ನು ಮರೆತರು, ನಮ್ಮ ಸಂತೆಗಳಲ್ಲಿ ಅದು ಉಳಿಯಿತು. 1886ರಲ್ಲಿ ಅಮೆರಿಕದ ಅಟ್ಲಾಂಟ ನಗರದಲ್ಲಿ ಹುಟ್ಟಿದ ಕೋಕಾ ಕೋಲಾ ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ನಮ್ಮ ದೇಶಕ್ಕೆ ಬಂದಿತು. 1973ರ ವಿದೇಶೀ ವಿನಿಮಯ ಕಾಯಿದೆಯ ಪ್ರಕಾರ ಪರದೇಶದ ಕಂಪೆನಿಗಳು ತಮ್ಮ ಪಾಲನ್ನು ನೂರಕ್ಕೆ ನಲವತ್ತಕ್ಕೆ ಇಳಿಸಬೇಕಾಯಿತು. 1977ರಲ್ಲಿ ಜನತಾ ಸರ್ಕಾರ ಬಂದಾಗ ಕೈಗಾರಿಕಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಅವರು ಪಟ್ಟನ್ನು ಸಡಿಲಿಸಲಿಲ್ಲ. ಕಂಪೆನಿ ತನ್ನ ಗುಟ್ಟನ್ನು ಬಿಡಲಿಲ್ಲ. ಗಂಟು ಮೂಟೆ ಕಟ್ಟಿಕೊಂಡು ಹೊರಟಿತು.

ಆ ಜಾಗದಲ್ಲಿ ಸರ್ಕಾರವೇ ಒಂದು ಪಾನೀಯವನ್ನು ತರಬೇಕೆಂದು ಹೊರಟಿತು. ಆ ವರ್ಷದ ನೆನಪಿಗಾಗಿ ಅದಕ್ಕೆ ಡಬಲ್ ಸೆವೆನ್ ಎಂದು ಹೆಸರಾಯಿತು. ಅದರ ಪಾಕವನ್ನು ಸಿದ್ಧಪಡಿಸಿದುದು ನಮ್ಮ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ. ತಯಾರಿಸಿದುದು ರೊಟ್ಟಿ ಮಾಡುತ್ತಿದ್ದ ಸರ್ಕಾರದ ಮಾಡರ್ನ್ ಸಂಸ್ಥೆ. ಈ ಸಂಶೋಧನಾಲಯವಾದರೂ ಎಲ್ಲಿದೆ? ಮೈಸೂರಿನ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ್ದ ಚೆಲುವಾಂಬ ವಿಲಾಸದಲ್ಲಿ. 1950ರಲ್ಲಿ ಅರಮನೆ ಪ್ರಯೋಗಶಾಲೆಯಾಯಿತು. ಕಟ್ಟಡವನ್ನು ಕೆಡವಲಿಲ್ಲ, ಬೀಗ ಹಾಕಿಯೂ ಇಡಲಿಲ್ಲ. ಒಳಗಿನ ಕೆಲಸವನ್ನು ಬದಲಾಯಿಸಿದರು. ಹಳೆಯ ಕಟ್ಟಡವನ್ನು ಹೊಸದಕ್ಕೆ ಬಳಸುವುದು ಹೇಗೆಂದು ಕಲಿಯಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ ಎನ್ನುವುದಕ್ಕೆ ಇದೊಂದು ಸಾಕ್ಷಿ. ಡಬಲ್ ಸೆವೆನ್ ಮಾತ್ರ ಬಹುಕಾಲ ಬಾಳಲಿಲ್ಲ. ಜನತಾ ಸರ್ಕಾರ ಹೋಯಿತು, ಅದರ ಪಾನೀಯವೂ ಸಪ್ಪೆಯಾಯಿತು. ಪ್ಯೂರ್ ಡ್ರಿಂಕ್ಸ್ ಸಂಸ್ಥೆಯ ಕ್ಯಾಂಪಾ ಕೋಲಾ, ಪಾರ್ಲೆ ಸಂಸ್ಥೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳು ಪೇಟೆಯನ್ನು ಆಳಿದುವು. 1993ರಲ್ಲಿ ಕೋಕಾ ಕೋಲಾ ಹಿಂದಿರುಗಿ ಬಂದು ಪಾರ್ಲೆಯ ಪಾನೀಯಗಳನ್ನೆಲ್ಲ ಕೊಂಡುಕೊಂಡಿತು.

ಅಲ್ಲಿಂದ ಮುಂದೆ ಊರೊಳಗಿನ ಹಳೆಯ ಪಾನೀಯ ಕಾರ್ಖಾನೆಗಳ ಆಯುಸ್ಸು ತೀರತೊಡಗಿತು. ಕಾರಣ ಸರಳವಾದುದು. ಗಾಜಿನ ಸೀಸೆಯ ಬದಲು ಎಸೆಯುವ ಪ್ಲಾಸ್ಟಿಕ್ ಸೀಸೆ ಬಂದಾಗ ಸೀಸೆ ತೊಳೆಯುವ ದೊಡ್ಡ ಅಂಗಳಕ್ಕೆ ಕೆಲಸವಿಲ್ಲವಾಯಿತು. ಹಿಂದಿರುಗಿ ಬರುವ ಸೀಸೆ ಇಲ್ಲವೆಂದ ಮೇಲೆ ಕಾರ್ಖಾನೆ ಅಂಗಡಿಗಳ ಹತ್ತಿರವೇ ಇರಬೇಕೆಂಬ ನಿರ್ಬಂಧವೂ ಇಲ್ಲ. ಅಗಲವಾದ ನೆಲ, ಹೆದ್ದಾರಿ, ನೀರು ಇರುವ ಕಡೆ, ಬಿಡದಿಯಂಥ ಜಾಗಗಳಲ್ಲಿ, ಒಂದೇ ದೊಡ್ಡ ಕಾರ್ಖಾನೆಯನ್ನು ಕಟ್ಟುವುದು ಲಾಭಕರ. ಇತ್ತ ಊರು ಬೆಳೆದು ಹಳೆಯ ಕಾರ್ಖಾನೆಯ ನೆಲದ ಬೆಲೆ ಕಾರ್ಖಾನೆಯ ಬೆಲೆಗಿಂತ ಹತ್ತು ಪಾಲು ಏರಿತು. ಪಾನೀಯ ಮಾಡಿ ಮಾರುವುದಕ್ಕಿಂತ ನೆಲವನ್ನು ಮಾರುವುದೇ ಮೇಲಾಯಿತು. ತಂದೆಯವರಿದ್ದ ಕಾರ್ಖಾನೆ 2000ದಲ್ಲಿ ಮುಚ್ಚಿತು, ಕೆಲವು ವರ್ಷ ಗೋದಾಮಾಯಿತು, ಆಮೇಲೆ ನೆಲಸಮವಾಯಿತು. ಈಗ ಅಲ್ಲಿ ಬಹು ಮಹಡಿಗಳ ವಸತಿ ಸಮುಚ್ಚಯವಿದೆ.

ಇಂಥ ಕಟ್ಟಡಗಳ ಗತಿ ಎಲ್ಲೆಲ್ಲಿ ಏನಾಗಿದೆ ಎಂದು ನೋಡಿದರೆ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು ಮುಂಬಯಿಯದು. ಅಲ್ಲಿನ ವರ್ಲಿಯಲ್ಲಿ ನಗರಸಭೆಯು 1955ರಲ್ಲಿ ಪ್ಯೂರ್ ಡ್ರಿಂಕ್ಸ್ ಸಂಸ್ಥೆಗೆ ನೆಲವನ್ನು ಗೇಣಿಗೆ ಕೊಟ್ಟಿತ್ತು. 1980ರ ದಶಕದಲ್ಲಿ ಆ ನೆಲದಲ್ಲಿ ವಾಸದ ಮನೆಗಳು ಎದ್ದುವು. ಐದು ಮಹಡಿಗಳಿಗೆ ಅನುಮತಿ ಇದ್ದ ಕಡೆ ಒಂದು ಕಟ್ಟಡ ಇಪ್ಪತ್ತು ಮಹಡಿಗಳವರೆಗೆ ಬೆಳೆಯಿತು, ಮತ್ತೊಂದು ಹದಿನೇಳು. ಕಟ್ಟಿದವರು ಮಾರಿ ಹೋದರು, ಕೊಂಡವರು ಸಂಸಾರ ಹೂಡಿದರು. 2013ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಕ್ರಮ ಮಹಡಿಗಳನ್ನು ಉಳಿಸಲು ಒಪ್ಪಲಿಲ್ಲ. ಮುದುಕರೂ ಮಕ್ಕಳೂ ಗೇಟಿಗೆ ಅಡ್ಡ ನಿಂತುದನ್ನು ದೇಶವೆಲ್ಲ ನೋಡಿತು. ಕ್ಯಾಂಪಾ ಕೋಲಾ ಎಂಬ ಪಾನೀಯದ ಹೆಸರು ಅನೇಕ ವರ್ಷಗಳ ಕಾಲ ಒಂದು ವ್ಯಾಜ್ಯದ ಹೆಸರಾಗಿ ಉಳಿಯಿತು. ಹೊಸದನ್ನು ಕಟ್ಟುವ ಆತುರದಲ್ಲಿ ಕಾನೂನನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಈ ನಿದರ್ಶನ ಸಾಕು.

ಎರಡನೆಯದು ನಮ್ಮ ನೆರೆಯ ಕೇರಳದ್ದು. ಪಾಲಕ್ಕಾಡು ಜಿಲ್ಲೆಯ ಪೆರುಮಾಟ್ಟಿ ಪಂಚಾಯತಿಯ ಪ್ಲಾಚಿಮಡ ಎಂಬ ಹಳ್ಳಿಯಲ್ಲಿ 2000ದಲ್ಲಿ ಕೋಕಾ ಕೋಲಾ ಕಾರ್ಖಾನೆ ಆರಂಭವಾಯಿತು. ಎರಡು ವರ್ಷಗಳಲ್ಲಿ ಸುತ್ತಣ ಬಾವಿಗಳು ಇಳಿದುವು, ಉಳಿದ ನೀರು ಬಾಯಿಗಿಡಲಾಗದಂತಾಯಿತು ಎಂದು ಆದಿವಾಸಿಗಳು ದೂರಿದರು. 2002ರ ಏಪ್ರಿಲಿನಲ್ಲಿ ಮಯಿಲಮ್ಮ ಎಂಬ ಆದಿವಾಸಿ ಹೆಂಗಸಿನ ಮುಂದಾಳ್ತನದಲ್ಲಿ ಗೇಟಿನ ಮುಂದೆ ಸತ್ಯಾಗ್ರಹ ಹೂಡಿದರು. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಆ ಹೆಂಗಸು ಕೇಳಿದ ಪ್ರಶ್ನೆಯನ್ನೇ 2003ರ ಡಿಸೆಂಬರಿನಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಎತ್ತಿಕೊಂಡಿತು. ನೆಲದ ಕೆಳಗಿನ ನೀರು ನೆಲದ ಒಡೆಯನೊಬ್ಬನದಲ್ಲ, ಅದು ಸರ್ವರದು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದು ಹೇಳಿತು. 2005ರಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು ಈ ಅಭಿಪ್ರಾಯವನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಅಷ್ಟರಲ್ಲಿ, 2004ರ ಮಾರ್ಚಿಯಲ್ಲಿಯೇ, ಕಾರ್ಖಾನೆ ನಿಂತಿತ್ತು. 2010ರಲ್ಲಿ ಕೇರಳ ಸರ್ಕಾರದ ಉನ್ನತ ಸಮಿತಿಯು ಜನರಿಗಾದ ನಷ್ಟವನ್ನು 216.26 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಪರಿಹಾರಕ್ಕಾಗಿ ನ್ಯಾಯಮಂಡಳಿಯೊಂದನ್ನು ಸ್ಥಾಪಿಸುವ ಮಸೂದೆಯನ್ನು ವಿಧಾನಸಭೆ 2011ರಲ್ಲಿ ಅಂಗೀಕರಿಸಿತಾದರೂ ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ. ಬಿಕೋ ಎನ್ನುತ್ತಿದ್ದ ಆ ಕಟ್ಟಡ 2021ರಲ್ಲಿ ಕೋವಿಡ್ ರೋಗಿಗಳ ಚಿಕಿತ್ಸಾ ಕೇಂದ್ರವಾಯಿತು. 2023ರಲ್ಲಿ ಕಂಪೆನಿಯು ಸುಮಾರು 35 ಎಕರೆ ನೆಲವನ್ನು ಕಟ್ಟಡದೊಡನೆ ರಾಜ್ಯ ಸರ್ಕಾರಕ್ಕೆ ಬಿಟ್ಟುಕೊಡುವುದಾಗಿ ತಿಳಿಸಿತು. ಜನರ ಬಾಯಾರಿಕೆಯ ಮೇಲೆ ನಿಂತಿದೆಯೆಂದು ದೂರಿಗೆ ಗುರಿಯಾದ ಮನೆ ಜನರ ಆಸ್ಪತ್ರೆಯಾದುದು ಸಣ್ಣ ಸಂಗತಿಯಲ್ಲ. ಆದರೆ ಅದನ್ನು ನೋಡಲು ಮಯಿಲಮ್ಮ ಇರಲಿಲ್ಲ. ಅವರು 2007ರಲ್ಲಿಯೇ ತೀರಿಕೊಂಡಿದ್ದರು.

ಮೂರನೆಯದು ಅಟ್ಲಾಂಟ ನಗರದ್ದು. ಅಲ್ಲಿನ ಎಡ್ಜ್‌ವುಡ್ ಬೀದಿಯಲ್ಲಿ 1891ರಲ್ಲಿ ಕಟ್ಟಿದ ಇಟ್ಟಿಗೆಯ ಪುಟ್ಟ ಕಟ್ಟಡವೊಂದಿದೆ. ಕಳೆದ ಶತಮಾನ ಹುಟ್ಟುವ ಹೊತ್ತಿಗೆ ಕೋಕಾ ಕೋಲಾವನ್ನು ಸೀಸೆಗೆ ತುಂಬುವ ಕೆಲಸ ಅಲ್ಲಿ ಕೆಲಕಾಲ ನಡೆಯಿತು. ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಕಾಪಾಡಿದ್ದಾರೆ. ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೂಡುವ ಸ್ಥಳವಾಗಿಯೂ ಅದು ಬಳಕೆಯಾಯಿತು. ಕಾರ್ಖಾನೆ ಅಲ್ಲಿದ್ದುದು ಒಂದೆರಡು ವರ್ಷ ಮಾತ್ರ. ಒಂದೆರಡು ವರ್ಷದ ನೆನಪನ್ನೂ ಅವರು ಬಿಡಲಿಲ್ಲ!

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ನಾವು ಯಾವ ದಾರಿಯನ್ನು ಹಿಡಿದಿದ್ದೇವೆ? ಪಾನೀಯದ ಕಾರ್ಖಾನೆಗಳ ಮಾತಿರಲಿ, ಅವಕ್ಕಿಂತ ನೂರು ಪಾಲು ದೊಡ್ಡವಾದ ಗಿರಣಿಗಳ ಗತಿಯನ್ನೇ ನೋಡಬಹುದು. ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಕಡೆ ಮಂತ್ರಿ ಸ್ಕ್ವೇರ್ ಎಂಬ ಮಾಲ್ ಇದೆ. 1884ರಲ್ಲಿ ಆರಂಭವಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಬಿನ್ನಿ ಕಂಪೆನಿಯ ಕೈಗೆ ಬಂದು ಒಂದು ಪೇಟೆಗೇ ಹೆಸರು ಕೊಟ್ಟಿತು. ಬಿನ್ನಿಪೇಟೆ ಉಳಿದಿದೆ, ಬಿನ್ನಿ ಇಲ್ಲ. ಅಲ್ಲಿ ಮುಗಿಲೆತ್ತರದ ಮನೆಗಳಿವೆ. ಮಾಗಡಿ ರಸ್ತೆಯ ಗೋಪಾಲಪುರದ ಮಿನರ್ವ ಮಿಲ್ಲಿನ ನೆಲದ ಮೇಲೆ 2021ರಲ್ಲಿ ಲುಲು ಮಾಲ್ ತೆರೆಯಿತು.

ಮಿನರ್ವ ಮಿಲ್ಲಿನ ವಿಷಯದಲ್ಲಿ ಒಂದು ಮಾತು ಹೆಚ್ಚಾಗಿ ಹೇಳಲೇಬೇಕು. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು. 1974ರ ಕಾಯಿದೆಯಿಂದ ಅದು ರಾಷ್ಟ್ರದ ಸ್ವತ್ತಾಯಿತು. ಒಡೆಯರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1980ರ ಜುಲೈ 31ರ ತೀರ್ಪಿನಲ್ಲಿ ನ್ಯಾಯಾಲಯವು ಸಂವಿಧಾನದ 42ನೆಯ ತಿದ್ದುಪಡಿಯ ಎರಡು ವಿಧಿಗಳನ್ನು ತೆಗೆದುಹಾಕಿತು. ಪಾರ್ಲಿಮೆಂಟಿನ ತಿದ್ದುಪಡಿಯ ಅಧಿಕಾರಕ್ಕೂ ಮಿತಿಯುಂಟು, ಸಂವಿಧಾನದ ಮೂಲ ಸ್ವರೂಪವನ್ನು ಯಾರೂ ಕೆಡಿಸಲಾಗದು ಎಂದು ಸಾರಿತು. ಈ ತತ್ತ್ವಕ್ಕೆ ತಳಪಾಯ ಹಾಕಿದುದು 1973ರ ಕೇಶವಾನಂದ ಭಾರತಿ ಮೊಕದ್ದಮೆ. ಕೇಶವಾನಂದ ಭಾರತಿಗಳು ಕಾಸರಗೋಡಿನ ಎಡನೀರು ಮಠದವರು. ಅಂದರೆ ಭಾರತದ ಸಂವಿಧಾನವನ್ನು ಹೊತ್ತು ನಿಂತಿರುವ ಎರಡು ಕಂಬಗಳಲ್ಲಿ ಒಂದು ನಮ್ಮ ಗಡಿಯ ಕನ್ನಡಿಗರ ಮಠದ್ದು, ಇನ್ನೊಂದು ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಒಂದು ಹತ್ತಿ ಗಿರಣಿಯದು. ರಾಜ್ಯಶಾಸ್ತ್ರ ಓದುವ ಭಾರತದ ವಿದ್ಯಾರ್ಥಿಗಳೆಲ್ಲರೂ ಪರೀಕ್ಷೆಗಾಗಿ ಮಿನರ್ವ ಮಿಲ್ಲಿನ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದೆ. ಅದೇ ರಸ್ತೆಯಲ್ಲಿ ಎರಡು ವರ್ಷ ಕಾಲೇಜಿಗೆ ಓಡಾಡಿದ ಮೇಲೆ, ಪುಸ್ತಕದ ಮಿನರ್ವ ಇದೇ ಮಿನರ್ವ ಎಂದು ನನಗೆ ತಿಳಿದುದು! ತಪ್ಪು ನನ್ನದೆಂದು ಒಪ್ಪುತ್ತೇನೆ. ಆದರೆ ಕಂಡವರಿಗೆ ಕಥೆ ಹೇಳುವಂಥದು ಏನಾದರೂ ಅಲ್ಲಿ ಉಳಿದಿದ್ದರೆ ಆ ತಪ್ಪು ಇಷ್ಟು ಸುಲಭವಾಗಿ ಆಗುತ್ತಿರಲಿಲ್ಲ.

ಇಷ್ಟನ್ನು ಓದಿದವರು, "ಹಾಗಾದರೆ ಹಳೆಯದನ್ನೆಲ್ಲ ಹಾಗೆಯೇ ಬಿಡಬೇಕೆನ್ನುವಿಯೋ?" ಎಂದು ಕೇಳಬಹುದು. ಇಲ್ಲ. ಊರಿಗೆ ಮನೆಗಳು ಬೇಕು. ನಮ್ಮ ತರಗತಿಯಲ್ಲಿಯೇ ಸಂಜೆಯ ಹೊತ್ತು ಮಾಲಿನ ಅಂಗಡಿಗಳಲ್ಲಿ ದುಡಿದು ಶುಲ್ಕ ಕಟ್ಟುವ ಗೆಳೆಯರಿದ್ದಾರೆ. ಅವರ ಮುಂದೆ ನಿಂತು ಮಾಲನ್ನು ಬೈಯುವ ಧೈರ್ಯ ನನಗಿಲ್ಲ. ಮೇಲಾಗಿ ಹಳೆಯ ಕಾರ್ಖಾನೆ ಸ್ವರ್ಗವೇನೂ ಆಗಿರಲಿಲ್ಲ. ಕಾಸ್ಟಿಕ್ ನೀರು ಕೈಯ ಚರ್ಮವನ್ನು ತಿನ್ನುತ್ತಿತ್ತು. ಒತ್ತಡ ತಾಳದ ಸೀಸೆ ಸಿಡಿದರೆ ಗಾಜು ಎಲ್ಲಿ ನಾಟೀತೆಂದು ಹೇಳಲು ಬರುತ್ತಿರಲಿಲ್ಲ. ದಿನವೂ ಸಾವಿರಾರು ಸೀಸೆ ಪಾನೀಯ ಕಣ್ಣ ಮುಂದೆ ಹಾಯುತ್ತಿದ್ದರೂ ಅದನ್ನು ಮನೆಗೆ ಕೊಂಡು ತರುವಷ್ಟು ಸಂಬಳ ಇರಲಿಲ್ಲ ಎಂದು ತಂದೆಯವರು ನಗುತ್ತ ಹೇಳುತ್ತಾರೆ. ಇಂಥ ಕಾರ್ಖಾನೆಯನ್ನು ದೇವಸ್ಥಾನ ಮಾಡೆಂದು ನಾನು ಹೇಳುವುದಿಲ್ಲ. ಕೆಡವುವುದಕ್ಕೂ ಒಂದು ಕ್ರಮವಿರಬೇಕು ಎಂಬುದಷ್ಟೆ ನನ್ನ ವಾದ.

ಏಕೆಂದರೆ ಕೆಡವಿದಾಗ ಹೋಗುವುದು ಇಟ್ಟಿಗೆ ಗಾರೆ ಮಾತ್ರವಲ್ಲ. ಕಳೆದ ವರ್ಷ ತಂದೆಯವರಿಗೆ ಐವತ್ತೆಂಟು ತುಂಬಿತು. ಭವಿಷ್ಯ ನಿಧಿಗೆ ಸೇರಿದ ನೌಕರರಿಗೆ 1995ರ ಯೋಜನೆಯಂತೆ ಪಿಂಚಣಿ ಉಂಟು; ಅದಕ್ಕೆ ಹತ್ತು ವರ್ಷಗಳ ಸೇವೆ ಆಗಿರಬೇಕು. ತಂದೆಯವರು ದುಡಿದುದು ಹನ್ನೆರಡು ವರ್ಷ. ಆದರೆ ಕೈಯಲ್ಲಿರುವ ಚೀಟಿಗಳು ಏಳು ವರ್ಷಕ್ಕೆ ಮಾತ್ರ ಸಾಕ್ಷಿ ಹೇಳುತ್ತವೆ. ಮಿಕ್ಕ ಐದು ವರ್ಷಗಳ ಹಾಜರಿ ಪುಸ್ತಕ ಎಲ್ಲಿ? ಕಾರ್ಖಾನೆಯ ಕಚೇರಿಯ ಕೋಣೆಯಲ್ಲಿತ್ತು. ಆ ಕೋಣೆ ಎಲ್ಲಿ? ಅದರ ಮೇಲೆ ಈಗ ಈಜುಕೊಳವಿದೆ. ಕಟ್ಟಡವನ್ನು ಒಡೆಯುವಾಗ ಕಬ್ಬಿಣವನ್ನು ಗುಜರಿಯವನಿಗೂ ಕಾಗದವನ್ನು ರದ್ದಿಯವನಿಗೂ ತೂಕಕ್ಕೆ ಹಾಕಿದರೆಂದು ಅಲ್ಲಿ ಕಾವಲಿದ್ದ ಒಬ್ಬರು ಹೇಳಿದರು. ಕಚೇರಿಯ ಅಧಿಕಾರಿಗಳು ಸಹಾನುಭೂತಿಯಿಂದಲೇ ಕೇಳಿದರು; ದಾಖಲೆಯಿಲ್ಲದೆ ಅವರಾದರೂ ಏನು ಮಾಡಿಯಾರು?

ಆ ದಿನ ನಾವಿಬ್ಬರೂ ಹಿಂದಿರುಗುವಾಗ ತಂದೆಯವರು ಬಸ್ಸಿಳಿದು ಹಳೆಯ ಕಾರ್ಖಾನೆಯ ಜಾಗವನ್ನು ನೋಡಬೇಕೆಂದರು. ಗೇಟಿನಲ್ಲಿ ಕಾವಲಿನ ಹುಡುಗ ತಡೆದು, "ಯಾವ ಮನೆಗೆ ಹೋಗಬೇಕು?" ಎಂದು ಕೇಳಿದ. ಅವನು ಕೇಳಬೇಕಾದುದನ್ನೇ ಕೇಳಿದ. ತಂದೆಯವರಿಗೆ ಉತ್ತರ ಹೊಳೆಯಲಿಲ್ಲ. "ಇಲ್ಲಿ ಮೊದಲು ಕೆಲಸ ಮಾಡುತ್ತಿದ್ದೆ" ಎಂದರು. "ಯಾವ ಬ್ಲಾಕಿನಲ್ಲಿ?" ಎಂದ. ನಾವು ಹಿಂದಿರುಗಿ ಬಂದೆವು.

ಒಡೆಯನು ತನ್ನ ನೆಲವನ್ನು ಮಾರಿದ; ಅದು ಅವನ ಹಕ್ಕು. ಆದರೆ ಆ ಹಾಜರಿ ಪುಸ್ತಕ ಅವನ ಸ್ವತ್ತೇ? ಅದರಲ್ಲಿದ್ದುದು ನಮ್ಮ ತಂದೆಯವರ ಐದು ವರ್ಷ. ಆ ನೆಲದ ಕೆಳಗಿನ ನೀರು ಅವನ ಸ್ವತ್ತೇ? ಹನ್ನೆರಡು ತಿಂಗಳೂ ಸೀಸೆ ತೊಳೆಯಲು ಮೇಲೆತ್ತಿದ ನೀರು ಅಕ್ಕಪಕ್ಕದ ಬಾವಿಗಳದೂ ಆಗಿತ್ತು. ಮಾಗಡಿ ರಸ್ತೆಯ ಜನಕ್ಕೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1933ರಲ್ಲಿ ಬೆಂಗಳೂರಿಗೆ ನೀರು ಕೊಡಲೆಂದು ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ ಹೋಗುವ ದಾರಿ ಇದು. ಕೊಳಚೆ ಸೇರಿ ಅದರ ನೀರು ಕುಡಿಯಲು ಯೋಗ್ಯವಲ್ಲದಂತಾದುದನ್ನೂ ನಮ್ಮ ಹಿರಿಯರು ಕಂಡರು. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟುದನ್ನು ನಾವೂ ಕಂಡೆವು.

ಆದುದರಿಂದ ನನಗೆ ತೋಚಿದ ನಾಲ್ಕು ಸಲಹೆಗಳನ್ನು ಇಲ್ಲಿ ಮುಂದಿಡುತ್ತೇನೆ. ಇವು ದೊಡ್ಡ ಖರ್ಚಿನವಲ್ಲ.

ಮೊದಲನೆಯದಾಗಿ, ಯಾವುದೇ ಕಾರ್ಖಾನೆಯನ್ನು ಕೆಡವಲು ಅನುಮತಿ ಕೊಡುವ ಮುನ್ನ ಅದರ ಹಾಜರಿ ಮತ್ತು ಸಂಬಳದ ಪುಸ್ತಕಗಳನ್ನು ಸಂಬಂಧಪಟ್ಟ ಇಲಾಖೆಗೆ ಒಪ್ಪಿಸಿದ ರಸೀತಿಯನ್ನು ಕೇಳಬೇಕು. ನೀರಿನ ಬಾಕಿ, ವಿದ್ಯುತ್ತಿನ ಬಾಕಿ ತೀರಿದೆಯೇ ಎಂದು ಕೇಳುವಾಗ ಮನುಷ್ಯರ ಬಾಕಿ ತೀರಿದೆಯೇ ಎಂದೂ ಕೇಳುವುದು ನ್ಯಾಯ. ನಾಲ್ಕು ಸಲಹೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿರೆಂದರೆ ನಾನು ಇದನ್ನೇ ಆರಿಸುತ್ತೇನೆ.

ಎರಡನೆಯದಾಗಿ, ಕಟ್ಟಡದ ನಕ್ಷೆ, ಛಾಯಾಚಿತ್ರ, ಯಂತ್ರಗಳ ವಿವರ ಇವುಗಳ ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೆ ಕೊಡಬೇಕು. ರಾಜರ ಸನ್ನದುಗಳನ್ನು ಕಾಯುವ ಮನೆಯಲ್ಲಿ ಸೀಸೆ ತೊಳೆದವರ ಲೆಕ್ಕಕ್ಕೂ ಒಂದು ಗೂಡು ಸಿಕ್ಕೀತು.

ಮೂರನೆಯದಾಗಿ, ಹೊಸ ಕಟ್ಟಡದಲ್ಲಿ ಹಳೆಯದರ ಒಂದು ಅಂಗವನ್ನಾದರೂ ಉಳಿಸಬೇಕು. ಒಂದು ಚಿಮಣಿ, ಒಂದು ಕಮಾನು, ಒಂದು ಗೇಟು ಸಾಕು; ಪಕ್ಕದಲ್ಲಿ ನಾಲ್ಕು ಸಾಲಿನ ಕನ್ನಡದ ಫಲಕವಿರಲಿ. ಇದು ಆಗದ ಕೆಲಸವಲ್ಲ. ನಮ್ಮ ಊರಿನ ಹಳೆಯ ಕೇಂದ್ರ ಸೆರೆಮನೆಯನ್ನು 2008ರಲ್ಲಿ ಫ್ರೀಡಂ ಪಾರ್ಕ್ ಮಾಡಿದಾಗ ಅಲ್ಲಿನ ಕಾವಲು ಗೋಪುರವನ್ನೂ ಕೆಲವು ಕೋಣೆಗಳನ್ನೂ ಉಳಿಸಿಕೊಂಡರು. ಸೆರೆಮನೆಯ ನೆನಪನ್ನು ಉಳಿಸಿದವರಿಗೆ ದುಡಿಮೆಯ ಮನೆಯ ನೆನಪು ಭಾರವಾಗಲಾರದು.

ನಾಲ್ಕನೆಯದಾಗಿ, ನೀರನ್ನು ಎಳೆದು ಬದುಕಿದ ನೆಲದಲ್ಲಿ ಹೊಸದನ್ನು ಕಟ್ಟುವವರು ಮಳೆಯ ನೀರನ್ನು ಆ ನೆಲಕ್ಕೆ ಇಂಗಿಸಿ ಹಳೆಯ ಸಾಲವನ್ನು ತೀರಿಸಬೇಕು. ಅದನ್ನು ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಬೇಕು.

ಇದೆಲ್ಲ ಸರ್ಕಾರ ಮಾಡಬೇಕಾದುದು. ನಾವೇನು ಮಾಡಬಹುದು? ಸೋದರ ವಿದ್ಯಾರ್ಥಿಗಳೇ, ನಮ್ಮಲ್ಲಿ ಬಹು ಮಂದಿ ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ತಂದೆ ತಾಯಿಯರು ದುಡಿದ ಜಾಗಗಳು ಒಂದೊಂದಾಗಿ ಮಾಯವಾಗುತ್ತಿವೆ, ಅವುಗಳ ವಿಷಯವನ್ನು ಬರೆದಿಡಲು ಅವರಿಗೆ ಬರವಣಿಗೆ ಬಾರದು. ನಮಗೆ ಬರುತ್ತದೆ. ಇತಿಹಾಸ ವಿಭಾಗದ ಗುರುಗಳಲ್ಲಿ ನನ್ನದೊಂದು ಬಿನ್ನಹ. ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ತಿಳಿದ ಒಬ್ಬ ಹಳೆಯ ಕಾರ್ಮಿಕನನ್ನು ಕಂಡು, ಅವನು ಎಲ್ಲಿ, ಎಂದಿನಿಂದ ಎಂದಿನವರೆಗೆ, ಏನು ಕೆಲಸ ಮಾಡಿದ, ಯಾರು ಜೊತೆಯಲ್ಲಿದ್ದರು ಎಂಬುದನ್ನು ಹತ್ತು ಪುಟ ಬರೆದು ಕಾಲೇಜಿನ ಗ್ರಂಥಾಲಯಕ್ಕೆ ಕೊಡುವಂತಾಗಲಿ. ವರ್ಷಕ್ಕೆ ಐವತ್ತು ಮಂದಿಯಾದರೂ ಬರೆದರೆ ಹತ್ತು ವರ್ಷಗಳಲ್ಲಿ ಐನೂರು ಜನರ ಬದುಕು ಒಂದು ಕಪಾಟಿನಲ್ಲಿ ಕೂಡುತ್ತದೆ. ಯಾವ ವಿಶ್ವವಿದ್ಯಾಲಯಕ್ಕೂ ಅದು ಹೆಮ್ಮೆಯ ಕಪಾಟೇ.

ನಾನು ಆರಂಭಿಸಿದ್ದೇನೆ. ತಂದೆಯವರೊಡನೆ ಅದೇ ಸಾಲಿನಲ್ಲಿ ಕುಳಿತು ಸೀಸೆ ನೋಡುತ್ತಿದ್ದ ಮೂವರನ್ನು ಹುಡುಕಿ ಅವರ ಮಾತನ್ನು ಬರೆದುಕೊಂಡೆ. ಅವರಲ್ಲಿ ಒಬ್ಬರ ಮನೆಯ ಟ್ರಂಕಿನಲ್ಲಿ 1991ರ ಸಂಬಳದ ಚೀಟಿಗಳ ಒಂದು ಕಂತೆ ಸಿಕ್ಕಿ, ಆ ವರ್ಷ ಬೋನಸ್ಸು ಪಡೆದವರ ಪಟ್ಟಿಯ ಪ್ರತಿಯೊಂದು ಅದರೊಳಗೆ ಮಡಿಸಿದ್ದಿತು. ಪಟ್ಟಿಯಲ್ಲಿ ತಂದೆಯವರ ಹೆಸರಿದೆ. ಏಳು ವರ್ಷ ಎಂಟಾಯಿತು. ಇನ್ನು ಎರಡು ಬೇಕು.

ಹಿಂದೆ ಪಾನೀಯ ಕೊಂಡವರು ಸೀಸೆಗೆಂದು ಅಂಗಡಿಯವನಲ್ಲಿ ಠೇವಣಿ ಇಡುತ್ತಿದ್ದರು. ಖಾಲಿ ಸೀಸೆಯನ್ನು ಹಿಂದಿರುಗಿಸಿದರೆ ಠೇವಣಿ ಕೈಗೆ ಬರುತ್ತಿತ್ತು. ಅದು ಒಪ್ಪಂದ, ಅದರಲ್ಲಿ ಮೋಸವಿರಲಿಲ್ಲ. ನಮ್ಮ ಹಿರಿಯರು ಆ ಕಟ್ಟಡಗಳಲ್ಲಿ ತಮ್ಮ ವರ್ಷಗಳನ್ನು ಇಟ್ಟು ಬಂದಿದ್ದಾರೆ. ಕಟ್ಟಡ ಬೇಡವಾದವರು ಅದನ್ನು ಕೆಡವಲಿ. ಆದರೆ ಠೇವಣಿಯನ್ನು ಲೆಕ್ಕ ಮಾಡಿ ಹಿಂದಕ್ಕೆ ಕೊಟ್ಟು ಆಮೇಲೆ ಕೆಡವಲಿ.

— ಅಂತಿಮ ಬಿ. ಎ. ತರಗತಿ